ಬೀಟೆ ಬಿಡಿ, ಸಿಲ್ವರ್ ಹಿಡಿಯಿರಿ

ಕೊಡಗಿನಲ್ಲಿ ಸಿಲ್ವರ್ ಮರಕ್ಕೆ, ಅಂದರೆ ಸಿಲ್ವರ್ ಓಕಿಗೆ, ಮರ್ಯಾದೆ ಇಲ್ಲ. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ, ದಪ್ಪ ಆದ ಮೇಲೆ ಲಾರಿ ಹತ್ತಿ ಪ್ಲೈವುಡ್ಡಿಗೋ ಪ್ಯಾಕಿಂಗ್ ಪೆಟ್ಟಿಗೆಗೋ ಹೋಗುತ್ತದೆ. ಮನೆಗೆ ಕುರ್ಚಿ ಅಂದರೆ ಬೀಟೆ, ತೇಗ, ಕಡೇಪಕ್ಷ ಹಲಸು.

ನಾನೀಗ ಇರುವುದು ಬ್ರಿಸ್ಬೇನಿನಲ್ಲಿ. ಈ ಮರದ ತವರೂ ಇದೇ ಸೀಮೆ. ಇಲ್ಲಿ ಇದು ಸಿಲ್ಕಿ ಓಕ್. ಇದರಲ್ಲಿ ಮಾಡಿದ ಹಳೇ ಕಾಲದ ಬೀರು, ಊಟದ ಮೇಜುಗಳನ್ನು ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ನಮ್ಮ ತೋಟದ ಬೇಲಿ ಪಕ್ಕ ನಿಂತಿರುವ ಅದೇ ಮರ ಸ್ವಾಮಿ!

ಗುಟ್ಟು ಇರುವುದು ಕೊಯ್ಯುವುದರಲ್ಲಿ. ದಿಮ್ಮಿಯನ್ನು ತಿರುಳಿನಿಂದ ತೊಗಟೆ ಕಡೆಗೆ ಸೀಳಿದರೆ ಹಲಗೆಯ ಮೈಮೇಲೆಲ್ಲ ಹೊಳೆಯುವ ಚುಕ್ಕೆಗಳು ಏಳುತ್ತವೆ, ಥೇಟ್ ಲೇಸಿನ ಬಟ್ಟೆ. ಹಲಗೆಯನ್ನು ಬೆಳಕಿಗೆ ಓರೆ ಮಾಡಿದರೆ ಒಂದಷ್ಟು ಚುಕ್ಕೆ ಮಂಕಾಗಿ, ಪಕ್ಕದವು ಹೊಳೆಯುತ್ತವೆ. ಸಾಮಿಲ್‌ನಲ್ಲಿ ಒಂದೇ ಕಡೆಯಿಂದ ಸರಸರ ಸೀಳಿಬಿಟ್ಟರೆ ಇದು ನಡುವಿನ ಒಂದೆರಡು ಹಲಗೆಯಲ್ಲಿ ಮಾತ್ರ ಸಿಗುತ್ತದೆ. ಕೀಸುವಾಗ ಆ ಚುಕ್ಕೆಗಳೇ ಕಿತ್ತು ಬರುತ್ತವೆ. ಅದಕ್ಕೇ ಅಲಗು ಚೆನ್ನಾಗಿ ಮಸೆದಿರಬೇಕು. ಇದರ ಹುಡಿ ಕೆಲವರಿಗೆ ಮೈ ತುರಿಸುತ್ತದೆ. ತುಂಬುತೋಳಿನ ಅಂಗಿ, ಮಾಸ್ಕ್ ಇರಲಿ.

ಇಲ್ಲಿ ಮೆನ್ಸ್ ಶೆಡ್ ಅಂತ ಊರೂರಲ್ಲಿ ಇವೆ. ರಿಟೈರಾದವರು ಸೇರಿ ಮರಗೆಲಸ ಮಾಡುವ ಜಾಗ. ಬಸ್ ಓಡಿಸಿದವರೂ ಬರುತ್ತಾರೆ, ಡಾಕ್ಟರೂ ಬರುತ್ತಾರೆ. ನಮ್ಮಲ್ಲಿ ತೋಟದ ಯಜಮಾನ ಉಳಿ ಹಿಡಿದರೆ, "ಆಚಾರಿ ಇಲ್ವಾ, ನೀವ್ಯಾಕೆ ಸಾರ್?" ಅಂತಾರೆ. ಹಾಗಂತ ಕೈಗೆಲಸಕ್ಕೆ ಬಂದರೆ ನಮ್ಮ ಆಚಾರಿಗಳ ಮುಂದೆ ಈ ಶೆಡ್ಡಿನವರು ಏನೂ ಅಲ್ಲ. ಮೆಷಿನ್ ಜಾಸ್ತಿ, ಅಷ್ಟೇ.

ಪಾಲಿಶ್ ವಿಷಯದಲ್ಲಿ ಮಾತ್ರ ನಮ್ಮವರ ಮೇಲೆ ನನಗೆ ಸಿಟ್ಟು. ಗಾಜಿನಂತೆ ಮಿನುಗುವ ಪಿಯು (ಪಾಲಿಯುರೆಥೇನ್ ವಾರ್ನಿಷ್) ಬಳಿದು ಮರವನ್ನು ಪ್ಲಾಸ್ಟಿಕ್ ಮಾಡುತ್ತಾರೆ. ಅರಗಿನ ಪಾಲಿಶ್ ಚೆನ್ನಾಗಿದೆ, ಆದರೆ ಮಳೆಗಾಲದ ಥಂಡಿಯಲ್ಲಿ ಬಳಿದರೆ ಬೆಳ್ಳಗಾಗುತ್ತದೆ. ಒಣ ಹವೆ ಇರುವ ಜನವರಿ, ಫೆಬ್ರವರಿ ಸರಿ. ಆಗ ಕಾಫಿ ಕೊಯ್ಲು, ಯಾರಿಗೆ ಪುರುಸೊತ್ತು? ನನ್ನ ಮಟ್ಟಿಗೆ ಅಗಸೆ ಎಣ್ಣೆ, ಮೇಲೆ ಜೇನುಮೇಣ ಸಾಕು. ಜೇನಿಗೆ ಹೆಸರಾದ ಊರಲ್ಲಿ ಮೇಣಕ್ಕೆ ಬರವೇ? ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಒಣಗುತ್ತಾ ಬಿಸಿಯೇರಿ ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹರವಿ.

ಕೊಡವರ ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ ಕೈಯಾಲೆಯಲ್ಲಿ (ಜಗಲಿಯಲ್ಲಿ) ಐಮರ ಅನ್ನುವ ಕೂರುವ ಹಲಗೆ ನೋಡಿದ್ದೀರಲ್ವಾ? ತಲೆಮಾರುಗಳು ಕೂತೂ ಕೂತೂ ಬಂದ ಆ ನುಣುಪು ಯಾವ ಡಬ್ಬದಲ್ಲೂ ಸಿಗಲ್ಲ. ಹೊಸದಾಗಿ ಕಲಿಯುವವರು ಅಂಥ ಹಲಗೆ, ಬೀಟೆ ಅಂತ ಆಸೆಪಟ್ಟು ಪರ್ಮಿಟ್ಟಿಗೆ ಅಲೆಯುವುದು ಬೇಡ. ಗಾಳಿಗೆ ಬಿದ್ದ ಒಂದು ಸಿಲ್ವರ್ ಸಾಕು. ಸೀಳಿಸಿ, ನಡುವೆ ರೀಪು ಇಟ್ಟು, ನೆರಳಲ್ಲಿ ಪೇರಿಸಿ. ಒಂದಿಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಬಿಡಿ. ಮೊದಲು ಒಂದು ಸ್ಟೂಲ್ ಮಾಡಿ, ಆದರೆ ಅಂಗಳದಲ್ಲಿ ಇಡಬೇಡಿ. ಈ ಮರ ಮಳೆ ತಡೆಯಲ್ಲ.