ಅಡಿಕೆಗೆ ಹೋಗುವ ಮಾನ

ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ತೀರ್ಥಹಳ್ಳಿಗೆ ಹೋಗಬೇಕಾದವನೊಬ್ಬ ಅವಸರದಲ್ಲಿ ಸಾಗರದ ಬಸ್ ಹತ್ತಿದ ಅಂತಿಟ್ಟುಕೊಳ್ಳಿ. ಊರು ದಾಟಿದ ಮೇಲೆ ಕಂಡಕ್ಟರ್ ಬಂದು 'ಎಲ್ಲಿಗೆ?' ಅಂತಾರೆ. ಆಗ ಗೊತ್ತಾಗುತ್ತದೆ. 'ಅಯ್ಯೋ, ಬಸ್ ತಪ್ಪಿ ಹತ್ತಿದೆ, ಇಳಿಸಿ' ಅಂದರೆ ಕತೆ ಮುಗೀತು. ಅವನು ಅನ್ನುವುದಿಲ್ಲ. ಗಂಭೀರವಾಗಿ, ಆ ದಾರಿಯಲ್ಲೇ ಸಿಗುವ ಊರಿಗೆ, 'ಒಂದು ಆಯನೂರು' ಅಂತ ಟಿಕೆಟ್ ತಗೊಳ್ಳುತ್ತಾನೆ. ಪಕ್ಕದಲ್ಲಿ ಪರಿಚಯದವರಿದ್ದರೆ, ಆಯನೂರಲ್ಲಿ ಒಬ್ಬರನ್ನು ನೋಡಬೇಕಿತ್ತು ಅಂತಾನೆ. ಯಾರನ್ನು ಅಂತ ಕೇಳಿದರೆ ಅಲ್ಲೇ ಒಂದು ಹೆಸರು ಹುಟ್ಟುತ್ತದೆ. ಮುಂದಿನ ಪ್ರಶ್ನೆಗೆ ಆ ಹೆಸರಿನವರಿಗೆ ಹುಷಾರಿಲ್ಲದೆಯೂ ಆಗುತ್ತದೆ.

ನಾವು ಮಲೆನಾಡಿನವರು ಇದರಲ್ಲಿ ಪಳಗಿದವರು. ಸಾರಿಗೆ ಎರಡು ಸಲ ಉಪ್ಪು ಬಿದ್ದರೆ 'ಈ ಸಲದ ಉಪ್ಪೇ ಖಾರ' ಅಂತೀವಿ. ನಾವು ಮದುವೆ ಕಾಗದ ಕೊಡಲು ಮರೆತ ಮನೆಯವರು ಎದುರು ಸಿಕ್ಕರೆ 'ಪೋಸ್ಟ್ ಮಾಡಿದ್ದೆವಲ್ಲ, ಬರಲಿಲ್ವಾ?' ಅಂತೀವಿ. ಇದನ್ನೆಲ್ಲ ಸುಳ್ಳು ಅಂತ ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುವ ಗಾದೆ ಕೇಳಿಕೊಂಡೇ ಬೆಳೆದವರು ನಾವು. ಚಿಕ್ಕದಕ್ಕೆ ಆಸೆಪಟ್ಟು ಮಾನ ಕಳ್ಕೋಬೇಡ ಅಂತ ಗಾದೆ ಹೇಳಿದರೆ, ಚಿಕ್ಕದರಲ್ಲೂ ಸಿಕ್ಕಿಬೀಳಬೇಡ ಅಂತ ನಾವು ಕೇಳಿಸಿಕೊಂಡೆವು. ಸಿಕ್ಕಿಬಿದ್ದರೆ ಆಗುವುದಾದರೂ ಏನು? ಯಾರೂ ಹೊಡೆಯುವುದಿಲ್ಲ, ದಂಡ ಹಾಕುವುದಿಲ್ಲ. ಆದರೆ ಜಗಲಿ ಇದೆಯಲ್ಲ, ಅದು ಬಿಡುವುದಿಲ್ಲ. ಒಮ್ಮೆ ಬಸ್ ತಪ್ಪಿ ಹತ್ತಿದವನು 'ಆಯನೂರು ಮಾವ' ಆಗುತ್ತಾನೆ. ಅವನ ಮಗಳ ಮದುವೆಯಲ್ಲೂ ಎಲೆ ಮುಂದೆ ಕೂತವರು ಅದನ್ನೇ ಎತ್ತುತ್ತಾರೆ. ಎಲ್ಲ ತಮಾಷೆಗೇ, ಪ್ರೀತಿಗೇ ಅಂತೀವಿ. ಹೆಸರು ಹೊತ್ತವನನ್ನು ಮಾತ್ರ ಯಾರೂ ಕೇಳಿಲ್ಲ.

ಕಾರ್ನೆಲ್ ವಿಶ್ವವಿದ್ಯಾಲಯದವರ ಒಂದು ಪ್ರಯೋಗವಿದೆ, 2000ದಲ್ಲಿ ಪ್ರಕಟವಾದದ್ದು. ಹಾಕಿಕೊಳ್ಳಲು ಮುಜುಗರ ಆಗುವಂಥ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದರು. ಇಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ನನ್ನ ಶರ್ಟ್ ಗಮನಿಸಿರಬೇಕು ಅಂತ ಅವರು ಅಂದುಕೊಂಡರು. ನಿಜಕ್ಕೂ ಗಮನಿಸಿದ್ದವರು ಕಾಲು ಭಾಗದಷ್ಟು. ನಮ್ಮನ್ನು ಜನ ನಾವು ಅಂದುಕೊಂಡಷ್ಟು ನೋಡುವುದಿಲ್ಲ ಅನ್ನುವುದು ಅದರ ಸಾರ. ಅದೇ ಪ್ರಯೋಗವನ್ನು ತೀರ್ಥಹಳ್ಳಿ ಪೇಟೆಯಲ್ಲಿ ಮಾಡಿದ್ದರೆ ಲೆಕ್ಕ ಬೇರೆ ಬರುತ್ತಿತ್ತು. ಶರ್ಟ್ ಎಲ್ಲಿ ತಗೊಂಡಿದ್ದು, ಎಷ್ಟು ಕೊಟ್ಟಿದ್ದು ಅನ್ನುವ ತನಕ ವಿಚಾರಣೆ ಆಗುತ್ತಿತ್ತು. ಹಾಗಾಗಿ ನಮ್ಮವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ ಅನ್ನುವುದನ್ನು ಒಪ್ಪಬೇಕು.

ನಾನಿರುವುದು ಜಪಾನಿನ ಒಸಾಕಾದಲ್ಲಿ. ಜಪಾನಿನವರು ತಪ್ಪು ಮಾಡಿದರೆ ತಲೆಬಾಗಿ ಒಪ್ಪಿಕೊಳ್ತಾರೆ ಅಂತ ಊರಲ್ಲಿ ಎಲ್ಲರೂ ನಂಬಿದ್ದಾರೆ. ಒಪ್ಪಿಕೊಳ್ಳುವುದು ನಿಜವೇ. ರೈಲು ಒಂದೆರಡು ನಿಮಿಷ ತಡವಾದರೂ ಧ್ವನಿವರ್ಧಕದಲ್ಲಿ ಕ್ಷಮೆ ಕೇಳುತ್ತಾರೆ. ಆದರೆ ಅದೇ ರೈಲಿನ ಇನ್ನೊಂದು ಕತೆಯನ್ನು ಊರಿನವರಿಗೆ ಯಾರೂ ಹೇಳಿಲ್ಲ.

2005ರ ಏಪ್ರಿಲ್ 25, ಬೆಳಿಗ್ಗೆ. ಒಸಾಕಾದ ಪಕ್ಕದ ಫುಕುಚಿಯಾಮಾ ಮಾರ್ಗದಲ್ಲಿ ಜೆಆರ್ ವೆಸ್ಟ್ ಕಂಪನಿಯ ರೈಲೊಂದು ಇತಾಮಿ ನಿಲ್ದಾಣದಲ್ಲಿ ನಿಲ್ಲಬೇಕಾದ ಜಾಗ ಬಿಟ್ಟು ಸುಮಾರು 70 ಮೀಟರ್ ಮುಂದೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಹಿಂದಕ್ಕೆ ತಂದು ಜನರನ್ನು ಹತ್ತಿಸಿಕೊಂಡು ಹೊರಟರು, ಒಂದೂವರೆ ನಿಮಿಷದಷ್ಟು ತಡ. ಚಾಲಕನಿಗೆ 23 ವರ್ಷ. ಹಿಂದೊಮ್ಮೆ ಇಂಥದ್ದೇ ತಪ್ಪಿಗೆ ಅವನು 13 ದಿನ 'ಮರುತರಬೇತಿ' ಅನುಭವಿಸಿದ್ದ. ಹೆಸರಿಗೆ ತರಬೇತಿ ಅಷ್ಟೇ. ತಪ್ಪಿನ ಬಗ್ಗೆ ಪುಟಗಟ್ಟಲೆ ಬರೆಸುವುದು, ಬೈಯುವುದು, ಕೆಲವರ ಕೈಲಿ ಹುಲ್ಲು ಕೀಳಿಸುವುದು, ಅದೂ ಜೊತೆ ಕೆಲಸದವರ ಕಣ್ಣೆದುರೇ. ಈ ಸಲ ಅವನು ಹಿಂದಿನ ಡಬ್ಬಿಯಲ್ಲಿದ್ದ ಕಂಡಕ್ಟರ್‌ಗೆ ಫೋನ್ ಮಾಡಿ, ದೂರವನ್ನು ಸ್ವಲ್ಪ ಕಮ್ಮಿ ಹೇಳಿ ಅಂತ ಕೇಳಿಕೊಂಡ. ಕಂಡಕ್ಟರ್ ಕಂಟ್ರೋಲ್ ರೂಮಿಗೆ 8 ಮೀಟರ್ ಅಂದರು. ಆ ಮಾತುಕತೆಯ ಕಡೆಗೇ ಚಾಲಕನ ಗಮನ ಹೋಗಿರಬೇಕು ಅನ್ನುತ್ತದೆ ತನಿಖಾ ವರದಿ. ಗಂಟೆಗೆ 70 ಕಿಲೋಮೀಟರ್ ಮಿತಿಯಿದ್ದ ತಿರುವಿಗೆ ರೈಲು ಸುಮಾರು 116ರ ವೇಗದಲ್ಲಿ ನುಗ್ಗಿತು, ಹಳಿ ತಪ್ಪಿ ಒಂದು ಅಪಾರ್ಟ್‌ಮೆಂಟಿಗೆ ಬಡಿಯಿತು. ಚಾಲಕನೂ ಸೇರಿ 107 ಜನ ಸತ್ತರು.

ಎಪ್ಪತ್ತನ್ನು ಎಂಟು ಮಾಡುವುದು. ನಮ್ಮ ಆಯನೂರಿನ ಟಿಕೆಟ್ಟಿಗೂ ಅದಕ್ಕೂ ಜಾತಿ ಒಂದೇ ಅಂತ ನನಗೆ ಅನಿಸುತ್ತದೆ. ಅಲ್ಲಿ ಹೆದರಿಕೆ ಹುಟ್ಟಿಸಿದ್ದು ಕಚೇರಿ, ಇಲ್ಲಿ ಜಗಲಿ. ಎರಡೂ ಕಡೆ ಮುಚ್ಚಿಟ್ಟವನನ್ನು ಬೈದು ಪ್ರಯೋಜನ ಇಲ್ಲ. ನೋಡಬೇಕಾದ್ದು ಅವನು ಯಾರಿಗೆ ಹೇಳಬೇಕಿತ್ತೋ ಅವರನ್ನು. ಕಂಪನಿಗೂ ಇದು ತಡವಾಗಿ ಹೊಳೆಯಿತು. ಬೇಕಂತ ಮಾಡದ ತಪ್ಪಿಗೆ ಶಿಸ್ತು ಕ್ರಮ ಇಲ್ಲ ಅಂತ 2016ರಲ್ಲಿ ನಿಯಮ ಮಾಡಿಕೊಂಡರು. ಹನ್ನೊಂದು ವರ್ಷ ಬೇಕಾಯಿತು.

ಊರಲ್ಲಿ ನಿಯಮ ಮಾಡುವವರು ಯಾರು? ಕಚೇರಿಯಾದರೆ ಸುತ್ತೋಲೆ ಹೊರಡಿಸಬಹುದು. ಜಗಲಿಗೆ ಸುತ್ತೋಲೆ ಇಲ್ಲ.

ಆದರೂ ದಾರಿ ಇಲ್ಲ ಅಂತೇನಲ್ಲ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಅಡಿಕೆ ತೋಟದಲ್ಲಿ ನಿಂತು ನೋಡಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ, ಸೇರಿಸಿ ಬೋರ್ಡೋ ದ್ರಾವಣ ಮಾಡುತ್ತಾರೆ. ಆಮೇಲೆ ಯಾರೋ ಒಬ್ಬರು ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಹಿಡಿಯುತ್ತಾರೆ. ಎತ್ತಿದಾಗ ಅಲಗು ಕೆಂಪಗೆ, ತಾಮ್ರದ ಲೇಪ ಕೂತ ಹಾಗೆ ಕಂಡರೆ ಸುಣ್ಣ ಸಾಲದು ಅಂತ ಅರ್ಥ. ಯಾರು ಕಲಸಿದ್ದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಇನ್ನಷ್ಟು ಸುಣ್ಣದ ನೀರು ಸುರಿದು ಮತ್ತೆ ಅದ್ದುತ್ತಾರೆ. ಎಲ್ಲರ ಕಣ್ಣೆದುರು ತಪ್ಪು ಕಂಡರೂ ಒಬ್ಬನ ಮಾನವೂ ಹೋಗುವುದಿಲ್ಲ.

ಅದೇ ತೋಟದಲ್ಲಿ ಅದೇ ದಿನ ಸಂಜೆ ಬೇರೆಯದೇ ನಡೆಯುತ್ತದೆ. ಯಜಮಾನರು ಜಗಲಿ ಮೇಲಿಂದ 'ಎಲ್ಲ ಮುಗೀತಾ?' ಅಂತಾರೆ. ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಮಳೆ ಬಂದು ಎರಡು ಸಾಲು ಉಳಿದಿದ್ದರೂ ಕೊನೆಗೌಡ, ಅಂದರೆ ಮರ ಹತ್ತಿ ಔಷಧಿ ಹೊಡೆಯುವವನು, 'ಮುಗೀತು' ಅಂತಾನೆ. ಹೋದ ವರ್ಷ ನಿಜ ಹೇಳಿದ್ದಕ್ಕೆ ಮಳೆಗಾಲ ಪೂರ್ತಿ ಕೀಟಲೆ ತಿಂದಿರುತ್ತಾನೆ. ಶ್ರಾವಣದಲ್ಲಿ ಆ ಸಾಲಿನ ಬುಡದಲ್ಲಿ ಹಸಿರು ಕಾಯಿ ಉದುರಿ ಬಿದ್ದಿರುತ್ತದೆ. ಕೊಳೆ ಅಲ್ಲಿಗೇ ನಿಲ್ಲುವುದೂ ಇಲ್ಲ, ಮಳೆ ಹನಿ ಸಿಡಿದು ಪಕ್ಕದ ಸಾಲಿಗೂ ಹತ್ತುತ್ತದೆ. ನಿಜ ಹೇಳಿದ್ದರೆ ಮರುದಿನ ಬೆಳಿಗ್ಗೆ ಅರ್ಧ ಡ್ರಮ್ ಔಷಧಿಯಲ್ಲಿ ಮುಗಿಯುವ ಕೆಲಸವಾಗಿತ್ತು.

ಸಾಗರದ ಕಡೆಯ ನನ್ನ ನೆಂಟರೊಬ್ಬರಿಗೆ ರೈಲಿನ ಕತೆ ಹೇಳಿದ್ದೆ. ಅವರು ಈಗ 'ಎಲ್ಲ ಮುಗೀತಾ?' ಅಂತ ಕೇಳುವುದು ಬಿಟ್ಟು 'ಯಾವ ಕಡೆ ಉಳೀತು?' ಅಂತ ಕೇಳುತ್ತಾರಂತೆ. ಉಳಿದೇ ಇರುತ್ತದೆ ಅಂತ ಮೊದಲೇ ಒಪ್ಪಿಕೊಂಡು ಕೇಳಿದ ಹಾಗೆ. ಮೊದಲ ದಿನ ಕೊನೆಗೌಡ ಅನುಮಾನದಿಂದ ಮುಖ ನೋಡಿದನಂತೆ. ಆಮೇಲೆ, ಹಳ್ಳದ ಕಡೆ ಏಳೆಂಟು ಮರ ಅಂದನಂತೆ. ಬೆಳಿಗ್ಗೆ ಹೊಡೆದರು, ಆಯಿತು.

'ಕೀಟಲೆ ಮಾಡಲಿಲ್ಲ ತಾನೆ?' ಅಂತ ಕೇಳಿದೆ. 'ಛೆ, ಅದು ಹೇಗೆ ಬಿಡೋದು' ಅಂದರು.