ಹಳಿಯ ಅಗಲದ ಬಗ್ಗೆ ಒಂದು ಮಾತು

ಮಾದರಿ ರೈಲುಗಳ ಬಗೆಗಿನ ನಿಮ್ಮ ಲೇಖನ ಖುಷಿ ಕೊಟ್ಟಿತು. ಆದರೆ ಬ್ರಿಟನ್ನಿನ ಡಬಲ್ ಓ (OO) ಮಾದರಿ ರೈಲಿನಲ್ಲಿ ಎಲ್ಲವೂ 1:76ರ ಅಳತೆಯಲ್ಲಿ, ಅಂದರೆ ನಿಜವಾದದ್ದರ 76ನೇ ಒಂದು ಭಾಗದಷ್ಟು, ಇರುತ್ತದೆ ಎಂದು ಬರೆದಿದ್ದೀರಿ. ಹಳಿ ಮಾತ್ರ ಹಾಗಿಲ್ಲ. ಎಂಜಿನ್, ಬೋಗಿ, ಸ್ಟೇಷನ್ ಎಲ್ಲ ನಿಜವಾದದ್ದರ ಒಂದು ಅಡಿಗೆ 4 ಮಿ.ಮೀ. ಲೆಕ್ಕ. ಹಳಿಯ ಅಗಲ, ಅಂದರೆ ಎರಡು ಕಂಬಿಗಳ ನಡುವಿನ ಅಂತರ, 16.5 ಮಿ.ಮೀ., ಅದು ಅಡಿಗೆ 3.5 ಮಿ.ಮೀ. ಲೆಕ್ಕದ ಎಚ್‌ಓ (HO) ಎಂಬ ಇನ್ನೊಂದು, ಚಿಕ್ಕ ಅಳತೆಯ ಮಾದರಿಯದು. ಸರಿಯಾದ ಅಗಲ 18.83 ಮಿ.ಮೀ. ಆಗಬೇಕು. ಬ್ರಿಟಿಷ್ ಎಂಜಿನ್‌ಗಳು ಗಾತ್ರದಲ್ಲಿ ಚಿಕ್ಕವು. ಈ ಮಾದರಿ ಶುರುವಾದ ಕಾಲದ ಮೋಟರ್ ಒಳಗೆ ಹಿಡಿಸಲಿ ಎಂದು ಹಳಿಯನ್ನು ಹಾಗೇ ಬಿಟ್ಟು ಮೈಯನ್ನಷ್ಟೇ ದೊಡ್ಡದು ಮಾಡಿದರು. ಎದುರಿನಿಂದ ನೋಡಿದರೆ ಚಕ್ರಗಳು ಒಳಗೆ ಸರಿದ ಹಾಗೆ ಕಾಣುವುದು ಇದಕ್ಕೇ.

ಕಟ್ಟಡಗಳ ಬಗ್ಗೆ ಇನ್ನೂ ಜಾಸ್ತಿ ಬರೆಯಬೇಕಿತ್ತು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಪೆಂಡನ್ ಮ್ಯೂಸಿಯಂನ ಮಾದರಿ ಮನೆಗಳನ್ನು ರಟ್ಟಿನಲ್ಲೇ ಮಾಡಿದ್ದಾರೆ, ಬಣ್ಣ ಜಲವರ್ಣ. ಎಂಥಾ ತಾಳ್ಮೆ! ನನ್ನ ಮೊದಲ ಸಿಗ್ನಲ್ ಕ್ಯಾಬಿನ್‌ಗೆ ಒಂದೇ ಕೆಂಪು ಬಳಿದಿದ್ದೆ, ಆಟಿಕೆಯಂತೆ ಕಂಡಿತು. ಆಮೇಲೆ ಇಟ್ಟಿಗೆಗಳಿಗೆ ಮೂರು ನಾಲ್ಕು ಛಾಯೆ ಕೊಟ್ಟೆ, ಚಿಮಣಿಯ ಸುತ್ತ ಮಸಿ ಹಚ್ಚಿದೆ. ಆಗ ಜೀವ ಬಂತು. ಹೊಸಬರು ದಯವಿಟ್ಟು ರಟ್ಟಿನಿಂದಲೇ ಶುರು ಮಾಡಿ.