ಹೊಗೆಗೂ ಆಯಸ್ಸಿಗೂ ನೇರ ಸಂಬಂಧವಿಲ್ಲ!

2019ರ ಡಿಸೆಂಬರ್. ದೆಹಲಿಯ ಜನ ಹೊಗೆಯಲ್ಲಿ ಕೆಮ್ಮುತ್ತಾ ಓಡಾಡುವ ಕಾಲ. ಆಗಿನ ಪರಿಸರ ಸಚಿವ ಪ್ರಕಾಶ್ ಜಾವಡೇಕರ್ ಲೋಕಸಭೆಯಲ್ಲಿ ಎದ್ದು ನಿಂತು, ಮಾಲಿನ್ಯದಿಂದ ಆಯಸ್ಸು ಕಡಿಮೆಯಾಗುತ್ತೆ ಅಂತ ಯಾವ ಭಾರತೀಯ ಅಧ್ಯಯನವೂ ತೋರಿಸಿಲ್ಲ, ಜನರಲ್ಲಿ ಭಯ ಹುಟ್ಟಿಸೋದು ಬೇಡ ಅಂದರು. ಕೇಳಿ ನೆಮ್ಮದಿಯಾಗಿ ಉಸಿರು ಬಿಟ್ಟೆವು. ಬಿಟ್ಟ ಮೇಲೆ ಮತ್ತೆ ಎಳೆದುಕೊಳ್ಳಬೇಕಲ್ಲ, ತೊಂದರೆ ಶುರುವಾಗೋದು ಅಲ್ಲೇ.

ಅದಕ್ಕೆ ಒಂದು ವರ್ಷ ಮೊದಲು, 2018ರ ಡಿಸೆಂಬರ್‌ನಲ್ಲಿ, ಸರ್ಕಾರದ್ದೇ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಐಸಿಎಂಆರ್ ಇತರರ ಜೊತೆ ಸೇರಿ ಮಾಡಿದ ಅಧ್ಯಯನ ಹೊರಬಂದಿತ್ತು. 2017ರಲ್ಲಿ ದೇಶದ ಸುಮಾರು 12.4 ಲಕ್ಷ ಸಾವಿಗೆ ಕೆಟ್ಟ ಗಾಳಿ ಕಾರಣ, ಗಾಳಿ ಚೆನ್ನಾಗಿದ್ದಿದ್ದರೆ ಸರಾಸರಿ ಆಯಸ್ಸು 1.7 ವರ್ಷ ಜಾಸ್ತಿ ಇರುತ್ತಿತ್ತು ಅಂತ ಅದರಲ್ಲಿತ್ತು. ಇರಲಿ ಬಿಡಿ. ಒಂದು ಇಲಾಖೆಯ ಫೈಲು ಪಕ್ಕದ ಇಲಾಖೆಗೆ ತಲುಪೋಕೆ 1.7 ವರ್ಷ ಎಲ್ಲಿ ಸಾಕಾಗುತ್ತೆ?

ಆಮೇಲೂ ಸಂಸತ್ತಿನಲ್ಲಿ ಅದೇ ರಾಗ. ಬರೀ ಗಾಳಿಯಿಂದಲೇ ಸಾವು ಅನ್ನೋಕೆ ಖಚಿತ ಮಾಹಿತಿ ಇಲ್ಲವಂತೆ. ಹೇಗಿರುತ್ತೆ ಹೇಳಿ? ಪಿಎಂ 2.5 ಅನ್ನೋ ಧೂಳಿನ ಕಣ ಕೂದಲೆಳೆಯ ದಪ್ಪದಲ್ಲಿ ಮೂವತ್ತನೇ ಒಂದು ಭಾಗ ಇದ್ದೀತು. ಅದು ಶ್ವಾಸಕೋಶದ ಆಳಕ್ಕಿಳಿದು, ಅತಿ ಸಣ್ಣವು ರಕ್ತಕ್ಕೂ ಸೇರಿ, ರಕ್ತನಾಳವನ್ನು ಬೇಗ ಗಡುಸು ಮಾಡಿ, ವಯಸ್ಸಾಗೋ ಮೊದಲೇ ಮೆಟ್ಟಿಲು ಹತ್ತುವಾಗ ಏದುಸಿರು ಬರಿಸುತ್ತೆ. ಹೋಗುವಾಗ ಸಹಿ ಹಾಕಿ ಹೋಗಲ್ಲ. ಮರಣ ಪತ್ರದಲ್ಲಿ ಹೃದಯಾಘಾತ ಅಂತ ಬರೆದು ಕೈ ತೊಳೆದುಕೊಳ್ಳಬಹುದು.

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಈ ಧೂಳು ವರ್ಷದ ಸರಾಸರಿಯಲ್ಲಿ ಘನ ಮೀಟರ್‌ಗೆ 5 ಮೈಕ್ರೋಗ್ರಾಂ ದಾಟಬಾರದು. ನಮ್ಮ ಸರ್ಕಾರದ ಮಿತಿ 40. ಅಂದರೆ ಭಾರತೀಯರ ಶ್ವಾಸಕೋಶ ಎಂಟು ಪಟ್ಟು ಗಟ್ಟಿ! ಬೆಂಗಳೂರಿನವರು ದೆಹಲಿ ನೋಡಿ ನಗೋದು ಇದೇ ಧೈರ್ಯದ ಮೇಲೆ. 40ರೊಳಗಿದ್ದರೆ ಪಾಸು, ಅಲ್ವಾ? ಆಯಸ್ಸು ಜಾಸ್ತಿಯಾಗಲಿ ಅಂತ ಬೆಳಗ್ಗೆ ರಿಂಗ್ ರೋಡ್ ಪಕ್ಕ, ಲಾರಿ ಹೊಗೆಯಲ್ಲಿ ಬಿರಬಿರನೆ ವಾಕಿಂಗ್ ಮಾಡೋ ಅಂಕಲ್‌ಗಳನ್ನು ನೋಡಿ.

ಮದ್ದೂ ಇದೆ. ಅದೇ 2019ರ ನವೆಂಬರ್‌ನಲ್ಲಿ ಆರೋಗ್ಯ ಸಚಿವ ಹರ್ಷವರ್ಧನ್ ಕ್ಯಾರೆಟ್ ತಿನ್ನಿ, ಮಾಲಿನ್ಯದ ತೊಂದರೆಗೂ ಒಳ್ಳೆಯದು ಅಂತ ಟ್ವೀಟ್ ಮಾಡಿದ್ದರು. ಅವರು ಕಿವಿ, ಮೂಗು, ಗಂಟಲಿನ ಡಾಕ್ಟರ್. ಮೂಗಿನ ಸಮಸ್ಯೆಗೆ ಬಾಯಿಗೆ ಮದ್ದು.

ಒಂದೇ ಒಂದು ಅನುಮಾನ. 2014ರಿಂದ 2017ರ ನಡುವೆ ಪ್ರಧಾನಿ ಕಚೇರಿಯೂ ಸೇರಿ ಕೇಂದ್ರದ ಕಚೇರಿಗಳಿಗೆ 140 ಏರ್ ಪ್ಯೂರಿಫೈಯರ್ ಕೊಂಡಿದ್ದು ಸುದ್ದಿಯಾಗಿತ್ತು. ಹೊಗೆಯಿಂದ ಏನೂ ಆಗಲ್ಲ ಅಂದಮೇಲೆ ಅವು ಯಾಕೆ ಬೇಕಿತ್ತೋ. ಪಾಪ, ಆಗಿನ್ನೂ ಕ್ಯಾರೆಟ್ ಸಲಹೆ ಬಂದಿರಲಿಲ್ಲ.